ಖಾಲಾ ಮಾಡದ ಆಣೆ

ನನ್ನ ಅವ್ವನ ಅಕ್ಕ ಬಿಬಿಜಾನ ಖಾಲಾ ಸೀರೆಯ ಗಂಟು ಹೊತ್ತು ಮನೆಮನೆಗೆ ಮಾರುವವಳು. ಇಳಕಲ್ಲಿನಲ್ಲಿ ಬಸ್ಸು ಹತ್ತಿದರೆ ಒಂದು ದಿನ ಹುನಗುಂದ, ಇನ್ನೊಂದು ದಿನ ಬಾದಾಮಿ, ಚೊಳಚಗುಡ್ಡ. ನಮ್ಮ ಕಡೆ ಸೀರೆ ಮಾರುವವರಿಗೆ ಆಣೆ ನಾಲಗೆಯ ತುದಿಯಲ್ಲೇ ಇರುತ್ತದೆ. ಗಂಟು ಬಿಚ್ಚುವ ಮೊದಲೇ "ನನ್ನ ಮಕ್ಕಳ ಆಣಿ, ಇದರಾಗ ನನಗೇನೂ ಉಳಿಯೂದಿಲ್ಲ" ಎಂದುಬಿಡುತ್ತಾರೆ. ಕೇಳುವ ಹೆಂಗಸರು ಅದನ್ನು ನಂಬುವುದಿಲ್ಲ, ಆದರೂ ಕೇಳಿಸಿಕೊಳ್ಳುತ್ತಾರೆ. ಖಾಲಾ ಮಾತ್ರ ಎಂದೂ ಆಣೆ ಮಾಡಿದವಳಲ್ಲ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟು ಮುನಾಫನೊಬ್ಬನನ್ನು ಉಳಿಸಿಕೊಂಡ ತಾಯಿ ಅವಳು. "ಮುಟ್ಟಿ ನೋಡು, ತೊಗೋ. ಬ್ಯಾಡಂದ್ರ ಬಿಡು" ಎನ್ನುತ್ತಾಳೆ, ಅಷ್ಟೇ. ಅದಕ್ಕೇ ಅವಳ ಮಾತಿಗೆ ತೂಕ.

ನಾನು ಎಂಟನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅವ್ವ ತೀರಿದ ಮೇಲೆ ಖಾಲಾಳ ಮನೆಯಲ್ಲಿದ್ದು, ಓಣಿಯ ಮಗ್ಗದವರಿಗೆ ಕಂಡಕಿ ಎಂಬ ಸಣ್ಣ ಕೊಳವೆಗೆ ನೂಲು ಸುತ್ತಿ ಕೊಡುತ್ತಿದ್ದೆ. ಹೊರಗಿನವರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಯಾರಾದರೂ ಹೆಸರು ಕೇಳಿದರೆ ಶಹನಾಜ ಎಂದು ಹೇಳುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಾರೆ.

ಖಾಲಾ ಸರಕು ತರುತ್ತಿದ್ದುದು ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ. ಅದರ ಮಾಲಕರು ವಿಜಯಮಹಾಂತೇಶ. ಹೋದ ವರ್ಷ ಅವರು ಖಾಲಾಳನ್ನು ಕೂರಿಸಿಕೊಂಡು ಹೇಳಿದರು.

"ಚಾಚಿ, ಈ ವಯಸ್ಸಿನ್ಯಾಗ ಗಂಟ ಹೊತ್ತ ಅಡ್ಡಾಡೂದು ಸಾಕು. ನಿನ್ನ ಗಿರಾಕಿಗೆಲ್ಲಾ ವಾಟ್ಸಾಪಿನ್ಯಾಗ ಸೀರಿ ತೋರಸ್ತೇವಿ. ಹೆಸರು ನಿಂದು, ಫೋಟೋ ನಿಂದು. ಮಾರಿದ್ದರಾಗ ನಿನಗ ಪಾಲು."

"ನನಗ ಓದಾಕ ಬರಾಂಗಿಲ್ಲಲ್ಲ."

"ಓದೂದು ಬರಿಯೂದು ಎಲ್ಲಾ ಏಜೆಂಟ ಮಾಡ್ತೈತಿ. ನೀ ಮನ್ಯಾಗ ಚಾ ಕುಡಕೋಂತ ಕುಂಡ್ರು."

ಏಜೆಂಟ ಎಂದರೆ ಮನುಷ್ಯನಲ್ಲ, ಕಂಪ್ಯೂಟರಿನ ಒಳಗಿರುವ ಎಐ. ಅಂಗಡಿಯ ಹೊಸ ನಂಬರಿಗೆ ಬಂದ ಮೆಸೇಜು ಓದಿ ತಾನೇ ಉತ್ತರ ಕೊಡುತ್ತದೆ, ಗಿರಾಕಿಯನ್ನು ಗ್ರೂಪಿಗೆ ಸೇರಿಸುತ್ತದೆ, ಸೀರೆಯ ಫೋಟೋ ಕಳಿಸುತ್ತದೆ, ಆರ್ಡರ್ ಬರೆದುಕೊಳ್ಳುತ್ತದೆ. ಹೇಗೆ ಮಾಡಬೇಕು ಎಂದು ಅದಕ್ಕೆ ಸೂಚನೆ ಬರೆದುಕೊಡಬೇಕು. ಬರೆಯುವವಳು ಬಾಗಲಕೋಟೆಯಿಂದ ಬಂದ ಶೀಲಾ ಮೇಡಂ. ಒಂದು ಮಧ್ಯಾಹ್ನ ಆಕೆ ನಮ್ಮ ಮನೆಗೆ ಬಂದು ಖಾಲಾಳ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡಳು. ಹೆಂಗಸರನ್ನು ಹೇಗೆ ಕರೆಯುತ್ತಾಳೆ, ಹೇಗೆ ಚೇಷ್ಟೆ ಮಾಡುತ್ತಾಳೆ, ಮನೆಯಲ್ಲಿ ಯಾರಿದ್ದಾರೆ, ಎಲ್ಲ. ಖಾಲಾಗೆ ಖುಷಿಯೋ ಖುಷಿ. ಫೋಟೋಕ್ಕೆಂದು ಈದಿನ ಸೀರೆ ಉಟ್ಟು ಕೂತಿದ್ದಳು.

ಆ ಸೂಚನೆಗಳನ್ನು ಪರೀಕ್ಷೆ ಮಾಡಲು ಇಟ್ಟುಕೊಂಡದ್ದು ನನ್ನನ್ನು. "ಸಾಲಿ ಕಲಿತವ್ರು ಗಿರಾಕಿಯಂಗ ಬರಿಯಂದ್ರ ಪುಸ್ತಕದಂಗ ಬರೀತಾರ. ನೀ ಮಾತಾಡಿದಂಗ ಬರೀತಿ" ಎಂದರು ಮಾಲಕರು. ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಫೋನು ಹಿಡಿದು ಕೂತು, ನಾನು ದಿನವಿಡೀ ಬೇರೆ ಬೇರೆ ಹೆಂಗಸಾಗಬೇಕು. ಒಮ್ಮೆ ಚೌಕಾಸಿ ಮಾಡುವವಳು, ಒಮ್ಮೆ ಮಗಳ ಮದುವೆ ಇಟ್ಟುಕೊಂಡವಳು, ಒಮ್ಮೆ ಬೈಯುವವಳು. ಏಜೆಂಟು ಏನು ಉತ್ತರ ಕೊಟ್ಟಿತು, ಸೂಚನೆಯಂತೆ ನಡೆಯಿತೋ ಇಲ್ಲವೋ ನೋಡಿ ಸೂಚನೆಗೆ ಹತ್ತಕ್ಕೆ ಇಷ್ಟೆಂದು ಅಂಕ ಹಾಕಬೇಕು. ಯಾರೊಂದಿಗೂ ಬಾಯಿಬಿಟ್ಟು ಮಾತಾಡುವ ಅಗತ್ಯವಿಲ್ಲದ ಕೆಲಸ. ನನಗೆ ಹೇಳಿ ಮಾಡಿಸಿದಂಥದ್ದು ಎಂದುಕೊಂಡೆ.

ಹಾಗೆ ಅನ್ನಿಸಿದ್ದು ಮೊದಲ ವಾರದವರೆಗೆ ಮಾತ್ರ. ಸೂಚನೆಗಳಲ್ಲಿ ಹೀಗಿರುತ್ತಿತ್ತು: ಗಿರಾಕಿ ಬಸುರಿ ಎಂದು ತಿಳಿದರೆ ತಿಂಗಳು ಕೇಳಿಕೊಂಡು ನೆನಪಿಡು, ಸೀಮಂತದ ಕುಬಸದ ಹೊತ್ತಿಗೆ ಹಸಿರು ಸೀರೆ ತೋರಿಸು. ಗಿರಾಕಿಯ ಮನೆಯಲ್ಲಿ ಸಾವಾಗಿದ್ದರೆ ಮೊದಲು ಅಳುವ ಮಾತಾಡು, ಸೂತಕದ ದಿನಗಳು ಮುಗಿದ ಮೇಲೆ ತಿಳಿ ಬಣ್ಣದ ಸೀರೆ ತೋರಿಸು. ನಾನು "ನಮ್ಮತ್ತಿ ತೀರಿಕೊಂಡ್ಲು" ಎಂದು ಸುಳ್ಳು ಬರೆದರೆ, ಕಣ್ಣು ಮಿಟುಕಿಸುವಷ್ಟರಲ್ಲಿ "ಅಯ್ಯ ನನ್ನ ಬಂಗಾರಾ, ಎಂಥಾ ಮಾತ ಹೇಳಿದಿ, ಎದಿ ಒಡದಂಗಾತು" ಎಂದು ಬರುತ್ತಿತ್ತು. ನನ್ನ ಬಂಗಾರಾ ಎನ್ನುವುದು ಖಾಲಾಳ ಮಾತು. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ಅನ್ನುವ ಮಾತು. ಅದು ಆ ಫೋನಿನಿಂದ ಬಂದಾಗ, ಖಾಲಾ ಬಿಚ್ಚಿಟ್ಟ ಕುಬಸವನ್ನು ಯಾರೋ ಗೊತ್ತಿಲ್ಲದವರು ತೊಟ್ಟು ಎದುರು ನಿಂತಂತೆ ಆಗುತ್ತಿತ್ತು. ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದೆ. ಕೈಗೆ ಏನೂ ಹತ್ತಿರುತ್ತಿರಲಿಲ್ಲ.

ಒಂದು ದಿನ ಬಂದ ಹೊಸ ಸೂಚನೆ ಹೀಗಿತ್ತು: ಇದು ಖರೇ ಕೈಮಗ್ಗದ್ದೇ ಎಂದು ಗಿರಾಕಿ ಅನುಮಾನಪಟ್ಟರೆ ಮಗನ ಆಣೆ ಮಾಡಿ ಹೇಳು. ಮಗನ ಹೆಸರು ಮುನಾಫ.

ಅಂಗಡಿಯವರು ಆ ಹೊತ್ತಿಗೆ ಪವರ್‌ಲೂಮಿನ ಸೀರೆಗಳನ್ನೇ ಕೈಮಗ್ಗದ ಬೆಲೆಗೆ ಕಳಿಸುತ್ತಿದ್ದರು. ನನಗೆ ಗೊತ್ತಿತ್ತು, ಕಟ್ಟುಗಳು ಮೆಟ್ಟಿಲ ಕೆಳಗೇ ಬೀಳುತ್ತಿದ್ದವು. ಶೀಲಾ ಮೇಡಂ ಹತ್ತಿರ ಹೋಗಿ ನಿಂತೆ. ಆಕೆ ತಲೆಯೆತ್ತುವವರೆಗೂ ನಿಂತೇ ಇದ್ದೆ.

"ಖಾಲಾ ಆಣಿ ಮಾಡೂದಿಲ್ರಿ" ಎಂದೆ.

"ಇದು ನಿಮ್ಮ ಖಾಲಾ ಅಲ್ಲಲ್ಲ, ಏಜೆಂಟು. ಸೀರಿ ಮಾರವ್ರೆಲ್ಲಾ ಹಂಗ ಮಾತಾಡ್ತಾರಿಲ್ಲೋ? ಅದಕ್ಕ ಖರೇ ಮನಶ್ಯಾರ ಮಾತ ಅನಸ್ತೈತಿ."

ನಾನು ಹೋಗಿ ಸೊನ್ನೆ ಹಾಕಿದೆ. ಆಕೆ ನೋಡಿ ಅದನ್ನು ಎಂಟು ಮಾಡಿದಳು. "ಶಹನಾಜ, ನಿನಗ ಸೇರೂದು ಬ್ಯಾರೆ, ಸೂಚನೆ ಕೆಲಸ ಮಾಡೂದು ಬ್ಯಾರೆ. ಉತ್ತರ ಕೊಟ್ಟೈತಿ? ಕೊಟ್ಟೈತಿ. ಹೇಳಿದಂಗ ಕೇಳೈತಿ? ಕೇಳೈತಿ. ಗಿರಾಕಿ ತೊಗೊಂಡಾಳ? ತೊಗೊಂಡಾಳ. ಮತ್ತ ಸೊನ್ನಿ ಎಲ್ಲಿಂದ ಬಂತು?"

ಅವಳು ಸಿಟ್ಟಾಗಿರಲಿಲ್ಲ. ಸಣ್ಣ ಹುಡುಗಿಗೆ ಲೆಕ್ಕ ಹೇಳಿಕೊಡುವವರಂತೆ ಮೆತ್ತಗೆ ಹೇಳಿದಳು. ಅದೇ ನನಗೆ ಹೆಚ್ಚು ಹೇಸಿಗೆಯಾಯಿತು. ಮನೆಗೆ ಹೋದರೆ ಖಾಲಾ ಮುನಾಫನಿಗೆ ರೊಟ್ಟಿ ಬಡಿಯುತ್ತಿದ್ದಳು. ಅವನು ಗ್ರಾನೈಟ್ ಪಾಲಿಶ್ ಕಾರ್ಖಾನೆಯಿಂದ ಮೈಯೆಲ್ಲ ಬಿಳಿ ಪುಡಿ ಮಾಡಿಕೊಂಡು ಬಂದು ಕೂತಿದ್ದ. ಹೇಳಬೇಕೆಂದುಕೊಂಡವಳು ಅವನಿಗೆ ನೀರಿನ ತಂಬಿಗೆ ಕೊಟ್ಟು ಒಳಗೆ ಹೋದೆ.

ಹತ್ತೆಂಟು ದಿನ ಹಾಗೇ ಕಳೆದವು. ನಾನು ಹೇಳುವ ಮೊದಲೇ ಒಂದು ಮಧ್ಯಾಹ್ನ ಬಸಲಿಂಗವ್ವ ಬಂದಳು. ಹುನಗುಂದದವಳು, ಮದುವೆಯಾಗಿ ಬಂದಾಗಿನಿಂದ ಖಾಲಾಳ ಗಿರಾಕಿ. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಒಂದು ಚೀಲ. ಬಾಗಿಲಲ್ಲೇ ನಿಂತು ಕೇಳಿದಳು.

"ಮುನಾಫ ಎಲ್ಲದಾನ?"

"ಕೆಲಸಕ್ಕ ಹೋಗ್ಯಾನಲ್ಲ. ಯಾಕ್ರಿ ಯಕ್ಕಾ?"

"ಆರಾಮ ಅದಾನಿಲ್ಲೋ?"

"ಅದಾನ್ರಿ. ಮೊದಲ ಒಳಗ ಬರ್ರಿ. ಹೊಚ್ಚಲದಾಗ ನಿಂತ ಹುಡುಗನ್ನ ವಿಚಾರಸ್ತೀರಿ, ಹೆಣ್ಣ ಕೊಡವ್ರಂಗ!" ಎಂದು ಖಾಲಾ ನಕ್ಕಳು.

ಬಸಲಿಂಗವ್ವ ನಗಲಿಲ್ಲ. ಒಳಗೆ ಬಂದು ಚೀಲದಿಂದ ಸೀರೆ ತೆಗೆದು ಚಾಪೆಯ ಮೇಲಿಟ್ಟಳು. "ಇದನ್ನ ವಾಪಸ ತೊಗೋ ಯವ್ವಾ. ರೊಕ್ಕ ಬ್ಯಾಡ. ನಿನ್ನ ಮಗನ ಮ್ಯಾಲಿನ ಆಣಿ ಇಳದ್ರ ಸಾಕು."

"ಯಾ ಆಣಿ?"

"ಇಷ್ಟ ವರ್ಷದಾಗ ಒಂದ ದಿನ ಆಣಿ ಮಾಡಿದಾಕಿ ಅಲ್ಲ ನೀ. ಮಾಡಿದಿ ಅಂದ ಮ್ಯಾಲ ಖರೇನ ಇರಬೇಕಂತ ತೊಗೊಂಡೆ. ನಮ್ಮ ಸೊಸಿ ತವರಮನ್ಯಾರು ಮಗ್ಗದವರು. ಸೆರಗ ಹೊಳ್ಳಿಸಿ ನೋಡಿ, ಪವರ್‌ಲೂಮಿಂದು ಅಂದ್ರು. ಸೀರಿ ಹೋದರ ಹೋಗ್ಲಿ. ನನ್ನ ಎದಿ ಧಸಕ್ ಅಂತು. ಇರೂದು ಒಂದ ಕೂಸು, ಅದರ ತಲಿ ಮ್ಯಾಲ ಇಂಥಾ ಸುಳ್ಳ ಯಾಕ ಇಟ್ಟಿ ಬಿಬಿಜಾನಾ?"

ಖಾಲಾ ನನ್ನ ಕಡೆ ನೋಡಿದಳು. ಬಸಲಿಂಗವ್ವ ಫೋನು ತೆಗೆದು ನನ್ನ ಕೈಗಿಟ್ಟಳು. "ಓದಿ ಹೇಳ ತಂಗಿ, ನಾ ಸುಳ್ಳ ಹೇಳಾಕತ್ತೇನೇನು."

ನಾನು ಓದಿದೆ. "ಏ ನನ್ನ ಬಂಗಾರಾ, ಅನುಮಾನ ಯಾಕ? ನನ್ನ ಮುನಾಫನ ಆಣಿ ಮಾಡಿ ಹೇಳ್ತೇನಿ, ಇದು ಕೈಮಗ್ಗದ್ದ."

ಖಾಲಾ ಎದ್ದು ಬಚ್ಚಲಿಗೆ ಹೋದಳು. ನೀರು ಮುಕ್ಕಳಿಸಿ ಉಗುಳುವ ಸಪ್ಪಳ ಕೇಳಿತು. ತಾನು ಆಡದ ಮಾತಿಗೆ ಬಾಯಿ ತೊಳೆಯುತ್ತಿದ್ದಳು. ಬಸಲಿಂಗವ್ವ ನನ್ನ ಮುಖ ನೋಡುತ್ತ ಕೂತಳು. ಆಗ ನಾನು ಏಜೆಂಟಿನ ಸಂಗತಿ, ಸೂಚನೆ, ನನ್ನ ಸೊನ್ನೆ, ಶೀಲಾ ಮೇಡಂ ಹಾಕಿದ ಎಂಟು, ಎಲ್ಲ ಹೇಳಿದೆ. ಖಾಲಾ ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ನಾ ಹೇಳಿಲ್ಲ ಅಂದ್ರ ಯಾರ ನಂಬ್ತಾರ? ನನ್ನ ಮಾರಿ ಹಚ್ಚ್ಯಾರ, ನನ್ನ ಮಗನ ಹೆಸರ ಹಚ್ಚ್ಯಾರ" ಎಂದಳು. ಬುರ್ಖಾ ಹಾಕಿಕೊಂಡು ನನ್ನ ರಟ್ಟೆ ಹಿಡಿದಳು.

ಮಾಲಕರು ಮೇಲಿನ ಕೋಣೆಯಲ್ಲೇ ಇದ್ದರು. ಸಿಹಿ ಸುಪಾರಿಯ ವಾಸನೆ ಮೆಟ್ಟಿಲವರೆಗೂ ಬರುತ್ತಿತ್ತು.

"ಬಾ ಚಾಚಿ, ಕುಂಡ್ರು. ಚಾ ತರಸ್ತೇನಿ."

"ಚಾ ಬ್ಯಾಡ್ರಿ. ನನ್ನ ಮಗನ ಹೆಸರ ತಗೀರಿ."

ಅವರು ನನ್ನತ್ತ ಒಮ್ಮೆ ನೋಡಿ ನಕ್ಕರು. "ಇಷ್ಟಕ್ಕ ಬಂದ್ಯಾ? ಅದು ಯಾರೂ ಮಾಡಿದ ಆಣಿ ಅಲ್ಲ ಚಾಚಿ. ಮಷೀನು. ಅದಕ್ಕ ಬಾಯಿಲ್ಲ, ಎದಿಯಿಲ್ಲ. ಬರೇ ಅಕ್ಷರ. ಅಕ್ಷರ ಯಾರಿಗೆ ಹತ್ತತಾವ?"

"ಬರೇ ಅಕ್ಷರ?"

"ಬರೇ ಅಕ್ಷರ."

"ಹಂಗಾದ್ರ ಮುನಾಫಂದ ತಗದು ಅಲ್ಲಿ ನಿಮ್ಮ ನೀಲಾಂಬಿಕಾನ ಹೆಸರ ಹಾಕ್ರಿ."

ಮೇಜಿನ ಮೇಲೆ ಮಾಲಕರ ಆ ಮಗಳ ಫೋಟೋ ಇತ್ತು, ಸಾಲೆಯ ಟೈ ಕಟ್ಟಿಕೊಂಡು ನಿಂತದ್ದು. ಶೀಲಾ ಮೇಡಂ ಕೈ ಕೀಲಿಮಣೆಯ ಮೇಲಿಟ್ಟುಕೊಂಡು ಮಾಲಕರ ಮುಖ ನೋಡಿದಳು. ಹಾಕಿಬಿಡಲೇ ಎಂದು ಕೇಳುವ ಹಾಗೆ. ಅವರ ಬಾಯಿಯಲ್ಲಿ ಸುಪಾರಿ ನಿಂತಿತು.

"ಆಕಿ ಹೆಸರ ಯಾಕ ಬೇಕೀಗ ಇದರಾಗ?"

"ಬರೇ ಅಕ್ಷರ ಅಲ್ಲೇನ್ರಿ?"

"ಸಣ್ಣ ಹುಡುಗಿ ಅದು, ಚಾಚಿ."

"ನಂದು ದೊಡ್ಡದಾಗೈತಿ ಅಂತ ಇಟ್ಟ್ರೇನು?"

ಅವರು ಸುಪಾರಿಯನ್ನು ಬುಟ್ಟಿಗೆ ಉಗುಳಿ, ಖಾಲಾಳ ಕಡೆ ನೋಡದೆ "ಶೀಲಾ, ಮುನಾಫನ ಹೆಸರ ತಗಿ" ಎಂದರು. ಆಕೆ ಅಲ್ಲೇ ಅಳಿಸಿದಳು. ನಾನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ.

"ನನ್ನ ಫೋಟೋ, ನನ್ನ ಹೆಸರೂ ತಗೀರಿ" ಎಂದಳು ಖಾಲಾ.

"ನಾಳಿ ನೋಡೂಣಂತ. ಗಿರಾಕಿ ಎಲ್ಲಾ ನಿನ್ನ ಹೆಸರಿಲೇ ಅದಾರ. ಒಮ್ಮಿಗಲೇ ಹೆಂಗ ತಗಿಯಾಕ ಬರ್ತೈತಿ?"

ಮರುದಿನ ನಾನು ಕೆಲಸಕ್ಕೆ ಹೋದೆ. ನಾಳೆ ಎಂದರೆ ಏನೆಂದು ನೋಡಬೇಕಿತ್ತು. ಫೋಟೋ ಹಾಗೇ ಇತ್ತು, ಈದಿನ ಸೀರೆ ಉಟ್ಟು ಖಾಲಾ ನಗುತ್ತಿದ್ದಳು. ಸೂಚನೆ ಹೊಸದು. ಮಗನ ಆಣೆ ಮಾಡಿ ಹೇಳು, ಮಗನ ಹೆಸರು ದಾನಿಶ.

"ದಾನಿಶ ಯಾರ್ರಿ?" ಎಂದು ಕೇಳಿದೆ.

"ಯಾರೂ ಅಲ್ಲ. ನಾನ ಕಟ್ಟಿದ ಹೆಸರು" ಎಂದಳು ಶೀಲಾ ಮೇಡಂ. ಸಮಸ್ಯೆ ಬಗೆಹರಿಸಿದ ಸಮಾಧಾನ ಅವಳ ಮುಖದಲ್ಲಿತ್ತು. "ಈಗ ಯಾರ ಮ್ಯಾಲೂ ಆಣಿ ಇಲ್ಲ. ನಿಮ್ಮ ಖಾಲಾಗೂ ಚಿಂತಿಲ್ಲ. ಟೆಸ್ಟ್ ಮಾಡ."

ನಾನು ಕೂತು ಬರೆದೆ, "ಸೀರಿ ಖರೇ ಕೈಮಗ್ಗದ್ದೇನ ಬಿಬಿಜಾನಾ?" ಆಣೆ ಬಂತು. ದಾನಿಶನ ಆಣೆ. ಆಮೇಲೆ ಸೂಚನೆಯಲ್ಲಿ ಇಲ್ಲದ್ದನ್ನು ಬರೆದೆ. "ದಾನಿಶ ಹೆಂಗದಾನು?"

"ಎರಡ ದಿನ ಜ್ವರ ಬಂದಿತ್ತು ನನ್ನ ಬಂಗಾರಾ, ರಾತ್ರಿಯೆಲ್ಲಾ ಕುಂತೇನಿ. ಈಗ ಆರಾಮ ಅದಾನ. ನಿಮ್ಮ ದುವಾ ಇರಲಿ. ಸೀರಿ ಕಳಸ್ಲೇನು?"

ಹುಟ್ಟದ ಮಗನಿಗೆ ಜ್ವರ. ಅದರ ಬೆನ್ನಿಗೇ ಸೀರೆ. ಶೀಲಾ ಮೇಡಂ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ, "ಅಯ್ಯ, ಎಷ್ಟ ಛಂದ ಹೇಳೈತಿ ನೋಡ! ಇದನ್ನ ನಾ ಬರದೂ ಇಲ್ಲ. ಒಂಬತ್ತ ಹಾಕ" ಎಂದಳು. ನಾನು ಅಂಕ ಹಾಕಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಓಡಣಿ ಸರಿ ಮಾಡಿಕೊಂಡು ಕೆಳಗಿಳಿದೆ. ಹಿಂದಿನಿಂದ ಕರೆದರು. ತಿರುಗಲಿಲ್ಲ.

ಹುನಗುಂದಕ್ಕೆ ಹೋಗಿ ಗಿರಾಕಿಗಳಿಗೆ ನಾವೇ ಹೇಳಿ ಬರೋಣ ಎಂದದ್ದು ಖಾಲಾ. ಅವಳ ಗಿರಾಕಿಗಳು ಹೆಚ್ಚು ಇದ್ದದ್ದು ಅಲ್ಲೇ. ಗಂಟಿಲ್ಲದೆ ಅವಳು ಆ ಬಸ್ಸು ಹತ್ತಿದ್ದು ನಾನು ಕಂಡಂತೆ ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಬೆರಳು ಹೊಸೆಯುತ್ತ ಕೂತಿದ್ದಳು. ಬಸಲಿಂಗವ್ವ ತನ್ನ ಪಡಸಾಲೆಯಲ್ಲಿ ಓಣಿಯ ಹೆಂಗಸರನ್ನೆಲ್ಲ ಕೂಡಿಸಿದ್ದಳು. ಅವಲಕ್ಕಿ, ಚಹಾ ಆಯಿತು. ಆ ಮೆಸೇಜುಗಳು ತನ್ನವಲ್ಲ, ಅಂಗಡಿಯ ಮಷೀನಿನವು ಎಂದು ಖಾಲಾ ಹೇಳಿದಳು.

ಲಗಮವ್ವ ಎಂಬಾಕೆ ಗೋಡೆಗೆ ಒರಗಿ ಕೂತಿದ್ದಳು, ಬಾಯಿ ಜೋರಿನ ಹೆಂಗಸು. "ಮಷೀನ ಹೇಳಿತಂತ! ನಿಮ್ಮ ಮಷೀನಿಗೆ ನಮ್ಮ ಸೊಸಿ ಬಸಿರ ಅಂತ ಹೆಂಗ ಗೊತ್ತಾತು? ದಿನಾ ಮಾತಾಡೀದಿ, ಸೀರಿ ಮಾರೀದಿ, ಈಗ ಸಿಕ್ಕ ಬಿದ್ದ ಮ್ಯಾಲ ನಾ ಅಲ್ಲ ಅಂತೀದಿ. ಹಂಗಾದ್ರ ಮುನಾಫನ ಆಣಿ ಮಾಡು, ನಾ ಅಲ್ಲ ಅಂತ. ನಂಬತೇನಿ."

"ಹೌದ ಮತ್ತ. ಮಾಡಿಬಿಡು" ಎಂದಳು ಇನ್ನೊಬ್ಬಳು. "ಖರೇ ಇದ್ರ ಅಂಜಿಕಿ ಯಾಕ?"

ಖರೆ ಮಾತಿಗೂ ಖಾಲಾ ಮಗನ ತಲೆ ಒತ್ತೆ ಇಡುವವಳಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಆದರೂ ಕಾಯುತ್ತಿದ್ದರು. ಬಸಲಿಂಗವ್ವ "ಆಕಿನ್ನ ಹಂಗ ಕೇಳಬ್ಯಾಡ ಲಗಮವ್ವಾ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಖಾಲಾಳ ಕಣ್ಣು ನೆಲದ ಮೇಲಿತ್ತು, ಕಳ್ಳರ ಕಣ್ಣಿನ ಹಾಗೆ. ಅದನ್ನು ನೋಡಲಾಗದೆ ನಾನು ಎದ್ದೆ.

"ಫೋನ ಕೊಡ್ರಿ" ಎಂದೆ.

"ಏನಂತಾಳ ಇಕಿ? ಗಟ್ಟಿ ಹೇಳ ತಂಗಿ, ಉಪವಾಸ ಅದಿಯೇನು?" ಎಂದಳು ಲಗಮವ್ವ.

"ಫೋನ ಕೊಡ್ರಿ. ಆ ಮಷೀನಿಗೇ ಕೇಳೂಣು, ಈಗ ಎಲ್ಲದಿ ಅಂತ."

ಲಗಮವ್ವ ಕೊಟ್ಟಳು. ಅವಳೇ ಕೇಳುವ ಹಾಗೆ ಬರೆದೆ: ಬಿಬಿಜಾನಾ, ಎಲ್ಲದಿ? ಒಂದು ತಾಸಿನ್ಯಾಗ ಬರ್ತೇನಿ, ಮನ್ಯಾಗ ಇರತಿಯೇನು? ಉತ್ತರಕ್ಕೆ ಕಾಯಲೇಬೇಕಾಗಲಿಲ್ಲ. ಲಗಮವ್ವನ ಮಗಳು ಗಟ್ಟಿಯಾಗಿ ಓದಿದಳು.

"ಮನ್ಯಾಗ ಅದೇನಿ ನನ್ನ ಬಂಗಾರಾ. ರೊಟ್ಟಿ ಬಡಿಯಾಕತ್ತೇನಿ. ನನ್ನ ದಾನಿಶನ ಆಣಿ, ನಿನ್ನ ದಾರೀನ ಕಾಯಾಕತ್ತೇನಿ."

ಎಲ್ಲರೂ ಖಾಲಾಳನ್ನು ನೋಡಿದರು. ಖಾಲಾ ಚಹಾದ ಕಪ್ಪು ಹಿಡಿದು ಅಲ್ಲೇ ಕೂತಿದ್ದಳು. ಯಾರೋ ಒಬ್ಬಳು ಕಿಸಕ್ಕೆಂದು ನಕ್ಕಳು. ಮತ್ತೊಬ್ಬಳು ನಗಲು ಹೋಗಿ ನಿಲ್ಲಿಸಿದಳು.

"ದಾನಿಶ ಯಾರ?" ಲಗಮವ್ವ ಕೇಳಿದಳು.

"ನನಗೂ ಗೊತ್ತಿಲ್ಲ ಯವ್ವಾ" ಎಂದಳು ಖಾಲಾ. "ನಾ ಹಡದಿಲ್ಲ."

ಲಗಮವ್ವ ಫೋನನ್ನು ಎರಡು ಬೆರಳಲ್ಲಿ ಹಿಡಿದು ದೂರ ಮಾಡಿದಳು, ಪಾತ್ರೆಯಲ್ಲಿ ಸತ್ತ ಹಲ್ಲಿ ಸಿಕ್ಕಾಗ ಎತ್ತುವ ಹಾಗೆ. "ನಮ್ಮ ಸೊಸಿ ಬಸಿರಂತ ಇದಕ್ಕ ನಾನ ಹೇಳೇನಿ" ಎಂದಳು ಮೆಲ್ಲಗೆ. "ಮನ್ಯಾಗ ಬ್ಯಾರೆ ಯಾರಿಗೂ ಹೇಳಿದ್ದಿಲ್ಲ. ನಿನಗಂತ ಹೇಳೇನಿ ಬಿಬಿಜಾನಾ. ಹೋದ ಸಲ ನಿಂದರಲಿಲ್ಲ, ಈ ಸಲ ದುವಾ ಮಾಡು ಅಂತ." ಆಮೇಲೆ ಫೋನನ್ನು ನನ್ನ ಕಡೆ ತಳ್ಳಿದಳು. "ಬಂದ್ ಮಾಡ ಇದನ್ನ, ತಂಗಿ. ಹೆಂಗ ಮಾಡೂದು?"

ಬ್ಲಾಕ್ ಮಾಡುವುದನ್ನು ತೋರಿಸಿಕೊಟ್ಟೆ. ಖಾಲಾಳ ಫೋಟೋದ ಮೇಲೆ ಒತ್ತಬೇಕು, ಕೆಳಗೆ ಸರಿಸಬೇಕು, ಕೆಂಪು ಅಕ್ಷರ ಮುಟ್ಟಬೇಕು. ಒತ್ತಲು ಲಗಮವ್ವ ಹಿಂದೆಮುಂದೆ ನೋಡಿದಳು. "ನಿನ್ನ ಮಾರಿ ಐತಲ್ಲ." "ಒತ್ತು. ಆ ಮಾರಿ ನಂದಲ್ಲ" ಎಂದಳು ಖಾಲಾ. ಒಬ್ಬೊಬ್ಬರೇ ಫೋನು ತಂದು ನನ್ನ ಮುಂದೆ ಹಿಡಿದರು. ಅಷ್ಟು ಹೆಂಗಸರ ನಡುವೆ ಕೂತು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಸೀರೆ ಕೊಂಡವರಲ್ಲಿ ಕೆಲವರು ಅಂಗಡಿಗೆ ಹೋಗಿ ಜಗಳ ತೆಗೆಯುವುದಾಗಿ ಹೇಳಿದರು. ಕೆಲವರು ಬಣ್ಣ ಛಲೋ ಐತಿ, ಇರಲಿ ಬಿಡು ಎಂದರು.

ಕೊನೆಗೆ ಉಳಿದವಳು ಬಾಗಿಲ ಹತ್ತಿರ ಕೂತಿದ್ದ ಒಬ್ಬ ಹೆಂಗಸು. ತುಂಬಿದ ಮನೆಯ ಸೊಸೆ, ಕೈಗೆ ಇನ್ನೂ ಹಿಟ್ಟು ಹತ್ತಿತ್ತು. ಫೋನನ್ನು ಸೆರಗಿನೊಳಗೆ ಹಿಡಿದಿದ್ದಳು.

"ನಂದಿರಲಿ ಬಿಡ್ರಿ."

"ಅದು ಖಾಲಾ ಅಲ್ರಿ" ಎಂದೆ.

"ಅಲ್ಲಂತ ಈಗ ಗೊತ್ತಾತಲ್ಲ. ಸೀರಿ ತೊಗೊಳ್ಳೂದಿಲ್ಲ ನಾ." ಅವಳು ಯಾರ ಮುಖವನ್ನೂ ನೋಡಲಿಲ್ಲ. "ದಿನಾ ಮಧ್ಯಾನ್ನ ಊಟ ಆತೇನ ಬಂಗಾರಾ ಅಂತ ಕೇಳತೈತಿ. ಎಲ್ಲಾರಿಗೂ ನೀಡಾಕಿ ನಾನ. ನೀ ಉಂಡೀಯೇನು ಅಂತ ಮನ್ಯಾಗ ಒಂದ ನಾಯಿ ಕೇಳೂದಿಲ್ಲ."

ನನ್ನ ಕೈ ಮುಂದಕ್ಕೆ ಹೋದದ್ದು ಹಾಗೇ ನಿಂತಿತು. ಬೇಡಿದರೂ ಅವಳು ಫೋನು ಕೊಡುತ್ತಿರಲಿಲ್ಲ. ಅವಳು ಎದ್ದು, ರೊಟ್ಟಿ ಅರ್ಧಕ್ಕೆ ಬಿಟ್ಟು ಬಂದಿದ್ದೇನೆ ಎಂದು ಹೇಳಿ ಹೋದಳು.

ವಾಪಸ್ಸಿನ ಬಸ್ಸಿನಲ್ಲಿ, ಇಳಕಲ್ಲಿನ ಕಲ್ಲಿನ ಲಾರಿಗಳು ಎದುರಾಗತೊಡಗಿದ ಮೇಲೆ ಖಾಲಾ ಹೇಳಿದಳು.

"ಆಕಿ ಫೋನಿನ್ಯಾಗ ನಾ ಇನ್ನೂ ಅದೇನಿ."

"ಹೂಂ ಖಾಲಾ."

"ಅದಕ್ಕ ಹಸಿವು ಗೊತ್ತೈತೇನು?"

"ಇಲ್ಲ."

"ಮತ್ತ ಊಟ ಆತೇನು ಅಂತ ಹೆಂಗ ಕೇಳತೈತಿ?"

"ಗಿರಾಕಿ ಎರಡ ತಾಸ ಸುಮ್ಮನಿದ್ರ ಕೇಳು ಅಂತ ಬರದಾರ. ಕೇಳಿದ ಮ್ಯಾಲ ಸೀರಿ ಫೋಟೋ ಹಾಕು ಅಂತ ಬರದಾರ."

"ಥೂ!" ಎಂದಳು ಖಾಲಾ, ಇಡೀ ಬಸ್ಸಿಗೆ ಕೇಳುವಂತೆ. ಮುಂದಿನ ಸೀಟಿನಲ್ಲಿ ಕೂತವನು ತನಗೇ ಅಂದಳೆಂದು ತಿರುಗಿ ನೋಡಿದ.